ಬಾಣಂತಿ ಕೋಣೆಗೆ ತಲುಪದ ವೈಫೈ

2025ರ ಜುಲೈ 14, ಸೋಮವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಮಂಡ್ಯದ ಒಂದು ಖಾಸಗಿ ಇಂಟರ್‌ನೆಟ್ ಸಂಸ್ಥೆಗೆ ನಾನು ಫೀಲ್ಡ್ ಟೆಕ್ನಿಷಿಯನ್ ಆಗಿ ಸೇರಿ ಆಗ ಮೂರು ವರ್ಷ ಎರಡು ತಿಂಗಳಾಗಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳಲ್ಲಿ ನನ್ನ ಓಡಾಟ. ಹೋದ ಮನೆ, ಹೋದ ಹೊತ್ತು, ಅಳೆದ ಸಿಗ್ನಲ್ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಆ ವಾರ ಬಂದ ದೂರು ಹದಿನೇಳು, ಸರಿಹೋದವು ಹದಿನಾರು. ಉಳಿದ ಒಂದು ಮಂಡ್ಯ ತಾಲ್ಲೂಕಿನ ಹೊಳಲು ಹಳ್ಳಿಯದು.

ದೂರು ಕೊಟ್ಟವರು ಸವಿತಾ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು, ಹೆರಿಗೆಗೆಂದು ತವರಿಗೆ ಬಂದಿದ್ದರು. ಮಗುವಿಗೆ ಅಂದು ಹತ್ತೊಂಬತ್ತು ದಿನ. ಅವರು ಅತಿಥಿ ಉಪನ್ಯಾಸಕಿಯಾಗಿದ್ದ ಕಾಲೇಜು, ಗರ್ಭಿಣಿಯಾದ ವರ್ಷ ಅವರನ್ನು ಮತ್ತೆ ಕರೆಯಲಿಲ್ಲ. ಈಗ ಮನೆಯಿಂದಲೇ ಪಾಠ ಹೇಳುವ ಕೆಲಸವೊಂದಕ್ಕೆ ಅರ್ಜಿ ಹಾಕಿ ಮೊದಲ ಸುತ್ತು ದಾಟಿದ್ದರು. ಕೊನೆಯ ಸುತ್ತಿನ ಆನ್‌ಲೈನ್ ಪರೀಕ್ಷೆ 18ನೇ ತಾರೀಖು ಶುಕ್ರವಾರ ಬೆಳಿಗ್ಗೆ 11ಕ್ಕೆ. ಹೆರಿಗೆಯ ಕಾರಣಕ್ಕೆ ಒಮ್ಮೆ ಮುಂದೂಡಿಸಿಕೊಂಡಿದ್ದರು, ಮತ್ತೆ ಕೇಳುವಂತಿರಲಿಲ್ಲ. ಪರೀಕ್ಷೆ ಮುಗಿಯುವ ತನಕ ಲ್ಯಾಪ್‌ಟಾಪಿನ ಕ್ಯಾಮೆರಾ ಅಭ್ಯರ್ಥಿಯನ್ನು ನೋಡುತ್ತಲೇ ಇರುತ್ತದೆ. ಕೋಣೆಯಲ್ಲಿ ಇನ್ನೊಬ್ಬರು ಇರಬಾರದು, ಕೂತ ಜಾಗ ಬಿಟ್ಟು ಏಳಬಾರದು.

ರೂಟರ್ ಇದ್ದದ್ದು ಮನೆಯ ಮುಂಭಾಗದ ಹಜಾರದಲ್ಲಿ. ಬಾಣಂತಿ ಕೋಣೆ ಹಿಂಬದಿಯಲ್ಲಿ, ಬಚ್ಚಲ ಪಕ್ಕ. ನಡುವೆ ಒಂದೂವರೆ ಅಡಿ ದಪ್ಪದ ಎರಡು ಮಣ್ಣಿನ ಗೋಡೆ. ಮೊಬೈಲ್ ಸಿಗ್ನಲ್ಲೂ ಅಲ್ಲಿ ಒಂದೇ ಕಡ್ಡಿ. ಎರಡು ಗಂಟೆ ಹಜಾರದಲ್ಲೇ ಕೂತು ಬರೆಯಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ಸವಿತಾ ಅವರ ತಾಯಿ ಜಯಮ್ಮನವರು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಹಸಿ ಬಾಣಂತಿ ಕಣಪ್ಪ. ಬೀದಿ ಗಾಳಿಗೆ ಕೂರ್ಸಿ, ನಾಳೆ ತಲೆನೋವು ಅಂದ್ರೆ ನೀನ್ ಬಂದು ಪಟ್ಟಿ ಆಕ್ತೀಯಾ?"

ಗಂಡಸರು ಆ ಕೋಣೆಯೊಳಗೆ ಹೋಗುವಂತೆಯೂ ಇರಲಿಲ್ಲ. ನಾನು ಬಾಗಿಲ ಹೊರಗೆ ನಿಂತೆ. ಸವಿತಾ ಒಳಗಿನಿಂದ ತಮ್ಮ ಫೋನಿನಲ್ಲಿ ಅಳೆದು ಅಂಕಿಗಳನ್ನು ಕೂಗಿ ಹೇಳಿದರು. ವೈಫೈ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತೇವೆ. ಅಂಕಿ ಯಾವಾಗಲೂ ಮೈನಸ್. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 65ರ ಒಳಗಿದ್ದರೆ ವಿಡಿಯೊ ಸರಾಗವಾಗಿ ನಡೆಯುತ್ತದೆ, 80 ದಾಟಿದರೆ ವೈಫೈ ಹೆಸರಿಗೆ ಮಾತ್ರ. ಹಜಾರದಲ್ಲಿ ಮೈನಸ್ 41, ನಡುಮನೆಯಲ್ಲಿ 66, ಬಾಣಂತಿ ಕೋಣೆಯಲ್ಲಿ 87. ಬರೆದುಕೊಂಡೆ.

"ಏನಪ್ಪ, ಮಗೀಗೆ ಜಾತ್ಕ ಬರೀತಿದ್ದೀಯಾ?" ಎಂದರು ಜಯಮ್ಮ.

"ಮಗೀಗಲ್ಲ ಕಣವ್ವ, ನಮ್ಮನೆ ಗ್ವಾಡೆಗೆ," ಎಂದರು ಸವಿತಾ ಒಳಗಿನಿಂದ.

ಸಿಗ್ನಲ್ ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ನಮ್ಮ ಆಫೀಸಿನಲ್ಲಿ ಮುಗಿದಿತ್ತು, ತರಿಸಲು ವಾರ ಬೇಕಿತ್ತು. ಮನೆಯಲ್ಲಿ ಹಳೆಯ ರೂಟರ್ ಇದೆಯೇ ಎಂದು ಕೇಳಿದೆ. ಜಯಮ್ಮನವರು ಅಟ್ಟದಿಂದ ಒಂದನ್ನು ಇಳಿಸಿ, ಸೆರಗಿನಲ್ಲಿ ದೂಳು ಒರೆಸಿ ಕೊಟ್ಟರು. "ನೋಡು, ಇದು ಮೂರ್ ವರ್ಸದಿಂದ ತಪಸ್ಸು ಮಾಡ್ತಾ ಕೂತದೆ. ವರ ಕೊಡ್ತದೇನೋ."

ಹಳೆಯ ರೂಟರಿನಿಂದ ವೈಫೈ ವಿಸ್ತರಿಸುವುದು ಕಷ್ಟದ ಕೆಲಸವಲ್ಲ. ಹಿಂದಿನ ಸಣ್ಣ ತೂತಿಗೆ ಪಿನ್ನು ಹಾಕಿ ಹತ್ತು ಸೆಕೆಂಡ್ ಒತ್ತಿ ಹಳೆಯ ನೆನಪನ್ನೆಲ್ಲ ಅಳಿಸಿದೆ. ಎರಡು ರೂಟರಿಗೂ ಒಂದೇ ವಿಳಾಸವಿದ್ದರೆ ಜಗಳ ಬರುತ್ತದೆ, ಆದ್ದರಿಂದ ಇದರ ವಿಳಾಸದ ಕೊನೆಯ ಅಂಕಿ ಒಂದಿದ್ದದ್ದನ್ನು ಎರಡು ಮಾಡಿದೆ. ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಕೆಲಸವನ್ನು ಇದರಲ್ಲಿ ನಿಲ್ಲಿಸಿದೆ. ಒಂದು ಮನೆಗೆ ಹಂಚುವವರು ಒಬ್ಬರೇ ಸಾಕು. ಹಜಾರದ ಹೊಸ ರೂಟರಿನಿಂದ ಕೇಬಲ್ ಎಳೆದು ಇದರ ಹಿಂದೆ ಲ್ಯಾನ್ ಎಂದು ಬರೆದ ಪೋರ್ಟಿಗೆ ಸಿಕ್ಕಿಸಿ, ಬಾಣಂತಿ ಕೋಣೆಯ ಬಾಗಿಲ ಪಕ್ಕ ನಡುಮನೆಯ ಗೂಡಿನಲ್ಲಿಟ್ಟೆ. ಸವಿತಾ ಅವರ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸುವ ಪೋರ್ಟೇ ಇರಲಿಲ್ಲ, ಹಾಗಾಗಿ ಕೇಬಲ್ಲನ್ನು ಒಳಗೆ ಒಯ್ಯಲಿಲ್ಲ. ಮಿಕ್ಕ ಐದು ಮೀಟರನ್ನು ಸುತ್ತಿಟ್ಟೆ. ಮುಂದೆ ಬೇಕಾದೀತೆಂದು ಹಾಗೆ ಉಳಿಸುವುದು ನಮ್ಮ ರೂಢಿ.

ಕೋಣೆಯಲ್ಲಿ ಸಿಗ್ನಲ್ ಮೈನಸ್ 52 ಆಯಿತು. ಸವಿತಾ ಎರಡು ಸಲ ಓದಿ ಹೇಳಿದರು.

12 ಗಂಟೆ 5 ನಿಮಿಷಕ್ಕೆ ಹೊರಟೆ. ಮಳವಳ್ಳಿಯ ಮುಂದಿನ ಗಿರಾಕಿಯಿಂದ ಮೂರನೇ ಸಲ ಫೋನ್ ಬಂದಿತ್ತು. ಹೆಲ್ಮೆಟ್ ಹಾಕಿ ಬೈಕಿನ ಮೇಲೆ ಕೂತಿದ್ದೆ. ಜಯಮ್ಮನವರು ಗೇಟಿನ ತನಕ ಬಂದರು.

"ಅದು ಮಿಣಮಿಣ ಅಂತದಲ್ಲಪ್ಪ, ಮಗೀಗೇನೂ ಆಗಕಿಲ್ವಾ?"

"ಏನೂ ಆಗಲ್ಲ ಅಮ್ಮ. ಅನುಮಾನ ಇದ್ರೆ ಒಂಚೂರು ದೂರ ಮಡಗಿ," ಎಂದು ಬೈಕ್ ಸ್ಟಾರ್ಟ್ ಮಾಡಿದೆ. ಈ ಮಾತನ್ನು ಆ ದಿನ ಪುಸ್ತಕದಲ್ಲಿ ಬರೆದಿಲ್ಲ. ಬರೆಯುವಂಥ ಮಾತೆಂದು ಅನ್ನಿಸಿರಲಿಲ್ಲ.

ಶುಕ್ರವಾರ ಮಧ್ಯಾಹ್ನ 1 ಗಂಟೆ 10ಕ್ಕೆ ಮದ್ದೂರಿನಿಂದ ಸವಿತಾ ಅವರಿಗೆ ಫೋನ್ ಮಾಡಿದೆ.

"ಮೂವತ್ತೊಂದನೇ ಪ್ರಶ್ನೆಗೆ ನಿಂತೋಯ್ತು ಅಣ್ಣ," ಎಂದರು. ಒಟ್ಟು ಪ್ರಶ್ನೆ ತೊಂಬತ್ತು.

2 ಗಂಟೆ 40ಕ್ಕೆ ಹೊಳಲು ಮುಟ್ಟಿದೆ. ಗೂಡು ಖಾಲಿ. ಹಳೆಯ ರೂಟರ್ ಬಚ್ಚಲಲ್ಲಿ, ನೀರು ತುಂಬಿದ ತಾಮ್ರದ ಹಂಡೆಯ ಹಿಂದೆ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಕೊಂಡು ಮಿನುಗುತ್ತಿತ್ತು. ನಾನು ಮಿಗಿಸಿದ್ದ ಐದು ಮೀಟರ್ ಕೇಬಲ್ ಅಲ್ಲಿಗೆ ಸರಿಯಾಗಿ ಸಾಕಾಗಿತ್ತು.

ನಡೆದದ್ದು ಇಷ್ಟು. ಪರೀಕ್ಷೆಯ ಕೋಣೆಯಲ್ಲಿ ಯಾರೂ ಇರಬಾರದೆಂದು ಜಯಮ್ಮನವರು ಮಗುವನ್ನು ಎತ್ತಿಕೊಂಡು ನಡುಮನೆಯಲ್ಲಿ, ಆ ಗೂಡಿನ ಕೆಳಗೇ ಕೂತಿದ್ದರು. 11 ಗಂಟೆ 20ರ ಸುಮಾರಿಗೆ ಮಗು ಅಳತೊಡಗಿತು. ತೊಡೆಯ ಮೇಲೆ ತಟ್ಟಿದರೂ ನಿಲ್ಲಲಿಲ್ಲ. ಮೇಲೆ ನೋಡಿದರೆ ದೀಪಗಳು ಮಿಣಮಿಣ ಎನ್ನುತ್ತಿದ್ದವು. ಅವರು ಪ್ಲಗ್ಗು ಕಿತ್ತು, ಬಚ್ಚಲಿಗೆ ಒಯ್ದು, ಅಲ್ಲಿ ಮತ್ತೆ ಹಾಕಿದರು. ಕೇಬಲ್ ಕೀಳಲಿಲ್ಲ, ಮಗಳ ಪರೀಕ್ಷೆಗೆ ತೊಂದರೆ ಆಗಬಾರದೆಂದು ಜೋಪಾನವಾಗಿಯೇ ಒಯ್ದಿದ್ದರು. ರೂಟರ್ ಮತ್ತೆ ಎಚ್ಚರವಾಗಲು ಎರಡು ನಿಮಿಷ ಹಿಡಿಯಿತು. ಆಮೇಲೂ ಹಂಡೆ, ನೀರು, ಗೋಡೆ ದಾಟಿ ಸಿಗ್ನಲ್ ಒಳಗೆ ಹೋಗಲಿಲ್ಲ.

ಸವಿತಾ ನಾಲ್ಕು ನಿಮಿಷ ಕಾದು, ಲ್ಯಾಪ್‌ಟಾಪ್ ಎತ್ತಿಕೊಂಡು ಹಜಾರಕ್ಕೆ ಓಡಿದರು. ಅಲ್ಲಿ ನೆಟ್ ಸಿಕ್ಕಿತು. ಸಿಕ್ಕ ಕೂಡಲೇ ಪರದೆಯ ಮೇಲೆ ಬಂದದ್ದು, ಅಭ್ಯರ್ಥಿ ಸ್ಥಾನ ಬದಲಿಸಿದ್ದರಿಂದ ಪರೀಕ್ಷೆ ಮುಕ್ತಾಯವಾಗಿದೆ ಎಂಬ ಒಂದು ಸಾಲು.

"ನೀನೇ ಯೋಳ್ದಲ್ಲಪ್ಪ, ದೂರ ಮಡಗಿ ಅಂತ," ಎಂದರು ಜಯಮ್ಮ. ಜಗಳದ ದನಿಯಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಹೌದೆನ್ನಲಿ ಎಂದು. ಹೌದು ಅಂದೆ.

ಏನಾದರೂ ಮಾಡಲೇಬೇಕು ಅನ್ನಿಸಿತು. ರೂಟರಿನ ಪ್ಲಗ್ಗು ಕಿತ್ತು, ತಂದು ಗೂಡಿನಲ್ಲಿಟ್ಟು, ಮತ್ತೆ ಹಾಕಿದೆ. ಸಿಗ್ನಲ್ ಮೈನಸ್ 52.

ಮರುದಿನ, ಶನಿವಾರ, ಪರೀಕ್ಷೆ ನಡೆಸಿದವರಿಗೆ ಸವಿತಾ ಕಳುಹಿಸಿದ್ದ ಮನವಿಗೆ ಉತ್ತರ ಬಂತು. ಸಂಪರ್ಕ ಕಡಿದದ್ದಕ್ಕೆ ಉಪಕರಣದ ದಾಖಲೆ ಕೊಟ್ಟರೆ ಮಾತ್ರ ಮರುಪರಿಶೀಲನೆ. ನಮ್ಮ ಆಫೀಸಿನ ದಾಖಲೆ ತೆಗೆಸಿದೆ. ಶುಕ್ರವಾರ ಹೊಳಲಿನ ಲೈನು ಒಂದು ಸೆಕೆಂಡೂ ಕಡಿದಿರಲಿಲ್ಲ. ನಿಜ, ಕಡಿದದ್ದು ಮನೆಯೊಳಗೆ. ಹೊಸ ರೂಟರ್ ಮನೆಯೊಳಗಿನ ಕೇಬಲ್ಲುಗಳ ಲೆಕ್ಕ ಇಡುವುದಿಲ್ಲ. ಉಳಿದದ್ದು ಹಳೆಯ ರೂಟರಿನ ಲಾಗ್, ಅಂದರೆ ಅದು ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುವ ದಿನಚರಿ.

ಭಾನುವಾರ ಹೋಗಿ ತೆರೆದೆ. ಮೊದಲ ಸಾಲಿನ ತಾರೀಖು 1970ರ ಜನವರಿ 1. ಹೊತ್ತು ತಿಳಿಸದಿದ್ದರೆ ಇಂಥ ಯಂತ್ರಗಳು ಎಣಿಕೆ ಶುರುಮಾಡುವುದು ಆ ದಿನದಿಂದ. ಗಡಿಯಾರ ಹೊಂದಿಸುವುದು ನನಗೆ ಮರೆತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಪ್ಲಗ್ಗು ಕಿತ್ತರೆ ಈ ಲಾಗ್ ಅಳಿಸಿಹೋಗುತ್ತದೆ. ಬಚ್ಚಲಲ್ಲಿದ್ದಾಗಲೇ ನೋಡಿದ್ದರೆ, ಅದು ಮತ್ತೆ ಹೊತ್ತಿಕೊಂಡು ಎಷ್ಟು ನಿಮಿಷವಾಯಿತು ಎಂಬುದು ತಿಳಿಯುತ್ತಿತ್ತು. ಹಿಂದಕ್ಕೆ ಎಣಿಸಿದರೆ 11 ಗಂಟೆ 20ರ ಆಸುಪಾಸಿನ ಆ ಹೊತ್ತು ಸಿಗುತ್ತಿತ್ತು. ಅದನ್ನು ಅಳಿಸಿದವನು ನಾನು.

ಬಾಗಿಲ ಹೊರಗೆ ನಿಂತು ಸವಿತಾ ಅವರಿಗೆ ಇದನ್ನು ಹೇಳಿದೆ.

"ಅವ್ವ ಒಂದ್ಸಲ ಎತ್ತಿಟ್ಲು, ನೀವೊಂದ್ಸಲ ಎತ್ತಿಟ್ರಿ. ಬುಡಿ ಅಣ್ಣ," ಎಂದರು.

24ರಂದು ಕೊನೆಯ ಉತ್ತರ ಬಂತು. ಫಲಿತಾಂಶ ಬದಲಾಗದು, ಮುಂದಿನ ಅರ್ಜಿ ಒಂದು ವರ್ಷದ ನಂತರ. ಅಷ್ಟರೊಳಗೆ ದಾಖಲೆ ಸಿಕ್ಕರೆ ಕಳುಹಿಸಬಹುದು.

ಈ ಕೆಲಸ ನನಗೆ ಕಲಿಸಿದ್ದು: ಕೆಟ್ಟದ್ದನ್ನು ಮುಟ್ಟುವ ಮೊದಲು ಅದು ಇದ್ದ ಹಾಗೆಯೇ ನೋಡಿ ಬರೆದುಕೊಳ್ಳಬೇಕು. ಇನ್ನೊಂದು, ತಾಯಂದಿರು ಮಗುವಿನ ಬಗ್ಗೆ ಕೇಳಿದರೆ ಬೈಕಿನಿಂದ ಇಳಿದು ಉತ್ತರ ಹೇಳಬೇಕು. ಎರಡೂ ಸವಿತಾ ಅವರಿಗೆ ಉಪಯೋಗಕ್ಕೆ ಬರಲಿಲ್ಲ.

ಹಳೆಯ ರೂಟರನ್ನು ಬೇಡಿ ತಂದಿದ್ದೇನೆ. ಆಮೇಲೆ ಅದಕ್ಕೆ ಕರೆಂಟು ಕೊಟ್ಟಿಲ್ಲ. ಅಳಿಸಿದ ಲಾಗ್ ವಾಪಸ್ ಬರುವುದಿಲ್ಲ ಎಂದು ನಮ್ಮ ಇಬ್ಬರು ಹಿರಿಯ ಎಂಜಿನಿಯರುಗಳು ಹೇಳಿದ್ದಾರೆ. ಅವರು ಹೇಳಿದ್ದು ಸರಿಯೇ ಇರಬೇಕು. ಆದರೂ ಇಂಥ ರೂಟರಿನಿಂದ ಅಳಿದ ದಾಖಲೆ ತೆಗೆದವರು, ಇಲ್ಲವೇ ಹೀಗೆ ನಿಂತ ಪರೀಕ್ಷೆಯನ್ನು ಬೇರೆ ದಾರಿಯಿಂದ ಮತ್ತೆ ತೆರೆಸಿದವರು ಓದುಗರಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಆಗುವುದಿಲ್ಲ ಎಂದು ಖಚಿತವಾಗಿ ಗೊತ್ತಿರುವವರೂ ಬರೆಯಿರಿ.