ಒಂದು ಕೊಡದ ತೂಕದ ಮೋಟಾರು

ನಮ್ಮ ಹಿತ್ತಿಲ ಬಾಗಿಲ ಪಕ್ಕದಲ್ಲಿ ಒಂದು ತಾಮ್ರದ ಕೊಡವಿದೆ. ನಲ್ಲಿ ಮನೆಯೊಳಗೇ ಬಂದ ಮೇಲೆ ಅದಕ್ಕೆ ಕೆಲಸವೇನೂ ಉಳಿದಿಲ್ಲ, ಆದರೂ ಹುಣಸೆಹಣ್ಣು ಹಚ್ಚಿ ಬೆಳಗುವುದನ್ನು ನಾನು ಬಿಟ್ಟಿಲ್ಲ. ಬಾವಿಗೂ ಬೋರಿಗೂ ಅಲೆದ ಹಗರಿಬೊಮ್ಮನಹಳ್ಳಿ ಸೀಮೆಯ ಹೆಣ್ಣಿನ ಸೊಂಟ ತುಂಬಿದ ಕೊಡದ ಭಾರವನ್ನು ಅಷ್ಟು ಸುಲಭಕ್ಕೆ ಮರೆಯುತ್ತದೆಯೇ, ನೀವೇ ಹೇಳಿ. ಆದರೆ ಆ ನೆನಪು ಮುಂದೊಂದು ದಿನ ದೋಣಿಗೆ ಮೋಟಾರು ಆರಿಸಲು ಉಪಯೋಗಕ್ಕೆ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ನಮ್ಮ ಯಜಮಾನರದು ಪಂಪ್‌ಸೆಟ್ ರಿಪೇರಿ ಅಂಗಡಿ. ಸುಟ್ಟ ಮೋಟಾರು ಬಿಚ್ಚಿ, ತಂತಿ ಸುತ್ತಿ, ಅದು ಮತ್ತೆ ಗುಂಯ್ ಎನ್ನುವುದನ್ನು ಕಿವಿಗೊಟ್ಟು ಕೇಳುವುದರಲ್ಲೇ ಅವರ ಹರೆಯ ಕಳೆಯಿತು. ನೆಲದೊಳಗಿನ ನೀರನ್ನು ಗದ್ದಲ ಮಾಡಿ ಮೇಲೆತ್ತಿಸಿದ ಆ ಮನುಷ್ಯನಿಗೆ ಐವತ್ತು ದಾಟಿದ ಮೇಲೆ, ಸದ್ದಿಲ್ಲದೆ ನೀರಿನ ಮೇಲೆ ಹೋಗಬೇಕೆಂಬ ಹುಚ್ಚು ಹಿಡಿಯಿತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ! ತುಂಗಭದ್ರೆಯ ಹಿನ್ನೀರಿನ ಅಂಬಿಗರಿಂದ ಹಳೆಯ ಪುಟ್ಟ ದೋಣಿಯೊಂದನ್ನು ಕೊಂಡರು, ನಡುವೆ ಕಂಬ ನಿಲ್ಲಿಸಿದರು, ನನ್ನ ಹೊಲಿಗೆ ಯಂತ್ರದ ಮುಂದೆ ಶಾಮಿಯಾನದ ದಪ್ಪ ಬಟ್ಟೆ ತಂದು ಹಾಕಿದರು. ರವಿಕೆ ಹೊಲಿಯುವ ಯಂತ್ರದಲ್ಲಿ ಹಾಯಿ ಹೊಲಿಯುವುದೆಂದರೆ ಹುಡುಗಾಟವೇ? ಸೂಜಿ ಮುರಿದವು, ಬೈದೆ, ಮತ್ತೆ ಹೊಲಿದೆ. ಆಷಾಢದ ಗಾಳಿಗೆ ಅದು ಮೊದಲ ಸಲ ಉಬ್ಬಿದಾಗ ದಡದಲ್ಲಿ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು. ಊರ ಹೆಂಗಸರ ಮೈ ಅಳತೆ ಹಿಡಿದು ಹೊಲಿದ ಕೈ ಅಂದು ಗಾಳಿಯ ಅಳತೆಗೆ ಹೊಲಿದಿತ್ತು. ದೋಣಿ ಹತ್ತುವ ಧೈರ್ಯ ಮಾತ್ರ ಬರಲಿಲ್ಲ. ಈಜು ಬಾರದ ನಾನು ಜಾಲಿಯ ನೆರಳಲ್ಲಿ ಬುತ್ತಿ ಇಟ್ಟುಕೊಂಡು ಕಾಯುವವಳಾದೆ.

ಕಳೆದ ವರ್ಷ ಅವರ ಬಲಭುಜ ಹಿಡಿದುಕೊಂಡಿತು. ಒಂದು ಸಂಜೆ ನಡುನೀರಿನಲ್ಲಿ ಗಾಳಿ ಬಿದ್ದುಹೋಗಿ, ಹುಟ್ಟು ಹಾಕಲಾರದೆ ಕುಳಿತಿದ್ದವರನ್ನು ಮೀನು ಹಿಡಿಯುವವರು ಹರಿಗೋಲಿಗೆ ಕಟ್ಟಿ ಎಳೆದು ತಂದರು. ಇನ್ನು ದೋಣಿಗೆ ಮೋಟಾರು ಹಾಕಬೇಕು, ಇಲ್ಲವೇ ದೋಣಿಯನ್ನೇ ಬಿಡಬೇಕು. ನನಗೆ ಎರಡೂ ಬೇಡವಾಗಿತ್ತು. ಮಿಕ್ಸಿ ಬಂದ ಮೇಲೆ ಒರಳು ಮೂಲೆ ಸೇರಿದ್ದನ್ನು ಕಂಡವಳಲ್ಲವೇ ನಾನು? ಮೋಟಾರು ಬಂದರೆ ನನ್ನ ಹಾಯಿ ಅಟ್ಟ ಸೇರುವುದು ಖಂಡಿತ ಎಂದು ಒಳಗೊಳಗೇ ಸಂಕಟಪಟ್ಟೆ.

ಸುದ್ದಿ ತಿಳಿದು ಕೂಡ್ಲಿಗಿಯಿಂದ ನನ್ನ ತಮ್ಮ ಬಂದ. ಹೊಲದಲ್ಲಿ ಬೋರು ಕೊರೆಸಿ ಕೊರೆಸಿ ಪಳಗಿದವನು, ಚಹಾ ಮುಟ್ಟುವ ಮೊದಲೇ ಕೇಳಿದ: “ಅಲ್ಲಿ ನೀರು ಎಷ್ಟು ಆಳ ಐತ್ರಿ ಭಾವಾರ? ಆಳ ಇದ್ರ ಏಳೂವರಿ ಎಚ್‌ಪಿಗಿಂತ ಕಮ್ಮಿ ಹಾಕಬ್ಯಾಡ್ರಿ ಮತ್ತ!”

“ನೀರು ಎತ್ತಾಕಲ್ಲೋ ಮಾರಾಯ, ನೀರಿನ ಮ್ಯಾಲ ಹೋಗಾಕ!” ಎಂದು ಇವರು ನಕ್ಕರು.

ನೀವು ನಗಬೇಡಿ. ನೀರೆಂದರೆ ಪಾತಾಳದಲ್ಲಿರುವುದೇ ಎಂದು ನಂಬಿದ ಸೀಮೆ ನಮ್ಮದು. ಅವನು ಕೇಳದಿದ್ದರೆ ನಾನೇ ಕೇಳುವವಳಿದ್ದೆ.

ಹೊಸಪೇಟೆಯಲ್ಲಿ ಬಲೆ, ದೋಣಿ ಸಾಮಾನು ಮಾರುವ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವರು ದೊಡ್ಡ ಮೋಟಾರನ್ನೇ ಹೊಗಳಿದರು. ಅಷ್ಟು ಭಾರ ಹಿಂದೆ ಕೂತರೆ ನಮ್ಮ ಪುಟ್ಟ ದೋಣಿಯ ಮೂತಿ ಮೇಲೇಳುತ್ತದೆ ಎಂದು ಇವರು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಇವನ್ನ ಒಂದೊಂದಾಗಿ ಎತ್ತಿ ನೋಡು” ಎಂದರು.

“ನಾನ್ಯಾಕ ಎತ್ಲಿ? ನಾನೇನು ಹಮಾಲೇನ್ರಿ?”

“ನನ್ನ ಭುಜ ಹಿಂಗೈತಿ. ದೋಣಿಗೆ ಸಿಗಸಾಕ, ಹಗ್ಗ ಜಗ್ಗಿ ಚಾಲೂ ಮಾಡಾಕ ನೀನ ಬೇಕು. ನಿನ್ನ ಕೈಲಾಗದ್ದು ನಮಗ ಬ್ಯಾಡ.”

ದಡದಲ್ಲಿ ಕಾಯುವವಳಿಗೆ ಅವರು ದೋಣಿಯಲ್ಲಿ ಜಾಗ ಮಾಡಿದ್ದರು, ಅದೂ ನನ್ನನ್ನು ಒಂದು ಮಾತೂ ಕೇಳದೆ! ಮೊದಲನೆಯದು ಅಲುಗಲಿಲ್ಲ. ಎರಡನೆಯದು ಮೊಣಕಾಲಿನವರೆಗೆ ಬಂತು. ಎಲ್ಲಕ್ಕಿಂತ ಸಣ್ಣದು ಮಾತ್ರ ಸಲೀಸಾಗಿ ಎದ್ದು ಸೊಂಟದ ಮೇಲೆ ಕೂತಿತು; “ತುಂಬಿದ ಕೊಡದಷ್ಟೈತಿ” ಎಂದೆ.

“ಇದು ಭಾಳ ಸಣ್ಣದಾತ್ರಿ, ಜೋರು ಓಡಾಂಗಿಲ್ಲ,” ಅಂಗಡಿಯವರು ಎಚ್ಚರಿಸಿದರು.

“ಓಡಾಕ ಹಾಯಿ ಐತ್ರಿ. ಇದು ಮನಿಗೆ ಬರಾಕ,” ಎಂದರು ಇವರು.

ಎಂಥ ಮಾತು! ಜೀವಮಾನವೆಲ್ಲ ಎಚ್‌ಪಿಯ ಲೆಕ್ಕದಲ್ಲೇ ಬದುಕಿದವರು ಸಾಕೆನ್ನುವ ಗೆರೆಯನ್ನು ಇಷ್ಟು ಹಗುರಾಗಿ ಎಳೆದದ್ದು ಕಂಡು, ಕಟ್ಟಿಕೊಂಡ ಗಂಡನ ಮೇಲೆ ಆ ವಯಸ್ಸಿನಲ್ಲಿ ನನಗೆ ಹೊಸದಾಗಿ ಪ್ರೀತಿ ಹುಟ್ಟಿತು. ಶಕ್ತಿ ಬೇಕೆನ್ನುವವರೇ ಲೋಕದ ತುಂಬ ಇದ್ದಾರೆ. ಎಷ್ಟು ಬೇಕೆಂದು ಬಲ್ಲವರು ವಿರಳ, ಅದನ್ನು ಹೆಂಡತಿಯ ಸೊಂಟದಿಂದ ಅಳೆಯುವವರಂತೂ ನಮ್ಮ ಮನೆಯಲ್ಲೇ ಇದ್ದರು.

ಮೊದಲ ದಿನ ತೇಲುವ ಅಂಗಿ ತೊಟ್ಟು, ಉಚ್ಚಂಗೆಮ್ಮನನ್ನು ನೆನೆದು ದೋಣಿ ಹತ್ತಿದೆ. ಹಾಯಿ ಉಬ್ಬಿತು. ದಡದಿಂದ ಎಂದೂ ಕಾಣದಿದ್ದ ನನ್ನ ಜೋಡುಹೊಲಿಗೆ ತಲೆಯ ಮೇಲೆ ಬಿಗಿದು ನಿಂತಿತ್ತು, ಒಂದು ಎಳೆಯೂ ಬಿಟ್ಟಿರಲಿಲ್ಲ. ಸಂಜೆ ಗಾಳಿ ಬಿದ್ದಾಗ ಇವರು ನನ್ನ ಮುಖ ನೋಡಿದರು. ನಾನು ಸೆರಗು ಸಿಕ್ಕಿಸಿ ಹಗ್ಗ ಜಗ್ಗಿದೆ. ಒಮ್ಮೆ ಕೆಮ್ಮಿ ಸುಮ್ಮನಾದ ಮೋಟಾರು ಮತ್ತೊಮ್ಮೆ ಜಗ್ಗಿದಾಗ ಹಿಡಿದುಕೊಂಡಿತು, ನಮ್ಮಿಬ್ಬರನ್ನೂ ದಡ ಮುಟ್ಟಿಸಿತು.

ಈಗ ಹಿತ್ತಿಲ ಬಾಗಿಲ ಬಳಿ ಕೊಡದ ಪಕ್ಕದಲ್ಲೇ ಮೋಟಾರು ಕೂತಿರುತ್ತದೆ. ಭಾರವನ್ನು ಸೊಂಟದ ಮೇಲಿಟ್ಟು ನೀರಿನಿಂದ ಮನೆಗೆ ಬರುತ್ತಿದ್ದವಳು, ಈಗ ಅಷ್ಟೇ ಭಾರ ಹೊತ್ತು ನೀರಿನ ಕಡೆ ಹೋಗುತ್ತೇನೆ. ಭಾನುವಾರ ನಾನು ಸೀರೆ ಎತ್ತಿಕಟ್ಟಿ, ಬುತ್ತಿ ಗಂಟು ಹಾಕಿ, ಮೋಟಾರು ಎತ್ತಿಕೊಂಡು ಹೊರಗೆ ಬರುವವರೆಗೆ, ಇವರು ಹಾಯಿಯನ್ನು ಎಡಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ನನಗಾಗಿ ಕಾಯುತ್ತಾರೆ.