ಒಡೆದಿದೆಯೋ, ಒಡೆದಿಲ್ಲವೋ

ತೊಂಬತ್ತರ ದಶಕದಲ್ಲಿ ನಾನು ಶ್ರೀರಂಗಪಟ್ಟಣದಿಂದ ದಿನವೂ ಬಸ್ಸು ಹತ್ತಿ ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ ಕೆಲಸಕ್ಕೆ ಹೋಗುತ್ತಿದ್ದೆ. ರೆಕಾರ್ಡ್ ಸೆಕ್ಷನ್ನಿನಲ್ಲಿ ನನ್ನ ಮೇಜು. ರೋಗಿ ಮನೆಗೆ ಹೋದ ಮೇಲೆ, ಇಲ್ಲವೇ ಸತ್ತ ಮೇಲೆ, ಅವರ ಫೈಲು ನನ್ನ ಮುಂದೆ ಬರುತ್ತಿತ್ತು. ಡಾಕ್ಟರು ಬರೆದ ರೋಗದ ಹೆಸರು ಓದಿ, ಇಟ್ಟಿಗೆ ದಪ್ಪದ ಪುಸ್ತಕದಲ್ಲಿ ಅದರ ನಂಬರು ಹುಡುಕಿ ಹಾಕುವುದು ನನ್ನ ಕೆಲಸ. ಡಾಕ್ಟರುಗಳ ಕಣ್ಣಿಗೆ ನಾವು ಗುಜರಿ ಕಾಯುವವರು.

ಅವರು ಬರೆಯುತ್ತಿದ್ದದ್ದಾದರೂ ಏನು? ಯಾರೇ ಸತ್ತರೂ ‘ಹೃದಯ ನಿಂತು ಸಾವು’. ಹಾವು ಕಚ್ಚಿದರೂ ಹೃದಯ ನಿಂತು, ಟ್ರಾಕ್ಟರಿನಡಿ ಸಿಕ್ಕಿದರೂ ಹೃದಯ ನಿಂತು. ಹೃದಯ ಓಡುತ್ತಿರುವಾಗಲೇ ಸತ್ತವರನ್ನು ಈ ಮಹಾನುಭಾವರು ಎಲ್ಲಿ ಕಂಡಿದ್ದರೋ. ಫೈಲು ವಾಪಸ್ಸು ತೆಗೆದುಕೊಂಡು ಹೋಗಿ ನಿಜವಾದ ಕಾರಣ ಬರೆಯಿರಿ ಎಂದರೆ, ಭಿಕ್ಷೆಗೆ ಬಂದವಳನ್ನು ನೋಡುವ ಹಾಗೆ ನೋಡುತ್ತಿದ್ದರು.

ಹೊಟ್ಟೆಯೊಳಗೆ ಬೆನ್ನುಮೂಳೆಯ ಮುಂದೆ ಇಳಿಯುವ ದೊಡ್ಡ ರಕ್ತನಾಳವೊಂದಿದೆ. ಕೆಲವರಿಗೆ ವಯಸ್ಸಾದ ಮೇಲೆ, ಅದರಲ್ಲೂ ಬೀಡಿ ಸೇದುವ ಗಂಡಸರಿಗೆ, ಅದು ಹಳೇ ಸೈಕಲ್ ಟ್ಯೂಬಿನಂತೆ ಒಂದು ಕಡೆ ಉಬ್ಬುತ್ತದೆ. ಪುಸ್ತಕದಲ್ಲಿ ಇದಕ್ಕೆ ಬೇರೆಬೇರೆ ನಂಬರು: ಉಬ್ಬು ಒಡೆದಿದ್ದರೆ ಒಂದು, ಒಡೆಯದಿದ್ದರೆ ಇನ್ನೊಂದು. ನಾವಾಗಿ ಊಹಿಸಿ ಹಾಕುವಂತಿಲ್ಲ, ಡಾಕ್ಟರೇ ಬರೆಯಬೇಕು. ನಾನು ಇದನ್ನು ಬಾಯಿಪಾಠ ಮಾಡಿಕೊಂಡ ವರ್ಷವೇ ನಮ್ಮ ಮಾವನವರ ಹೊಟ್ಟೆ ಮಿಡಿಯತೊಡಗಿತು.

ಮಾವನವರದು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು. ಗದ್ದೆ, ಕಬ್ಬು, ನಾಲ್ಕು ಹಸು, ಬಾಯಲ್ಲಿ ಸದಾ ಬೀಡಿ. ಹೊಕ್ಕುಳಿನ ಮೇಲೆ ಅಂಗೈ ಇಟ್ಟರೆ ಡಬಡಬ ಎನ್ನುವುದು ಗೊತ್ತಾಗುತ್ತಿತ್ತು. ಅವರಿಗೋ ಅದೊಂದು ಹೆಚ್ಚುಗಾರಿಕೆ. ಜಗಲಿಯಲ್ಲಿ ಬನೀನು ಎತ್ತಿ ಬಂದವರ ಕೈ ಹಿಡಿದು ಅಲ್ಲಿಡಿಸಿ, ತಮಗೆ ಎರಡು ಗುಂಡಿಗೆ ಎಂದು ನಗುತ್ತಿದ್ದರು. ಪಾಂಡವಪುರದ ಬೀಗರು ಒತ್ತಿ ನೋಡಿದರು, ಪಾಲಹಳ್ಳಿಯ ನೆಂಟರೂ ಒತ್ತಿ ನೋಡಿದರು. ಸೊಸೆ ಆಸ್ಪತ್ರೆಯಲ್ಲಿದ್ದಾಳೆ, ಅವಳನ್ನು ಒಂದು ಮಾತು ಕೇಳೋಣ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಎಲ್ಲರೂ ಸೇರಿ ಹೊಕ್ಕುಳು ಜರುಗಿದೆ ಎಂದು ತೀರ್ಮಾನ ಕೊಟ್ಟರು. ನಮ್ಮ ಕಡೆ ಹೊಟ್ಟೆಯ ಎಲ್ಲ ಕಾಯಿಲೆಗೂ ಅದೇ ಹೆಸರು. ಡಾಕ್ಟರಿಗೆ ಹೃದಯ ನಿಲ್ಲುವುದು, ಊರಿಗೆ ಹೊಕ್ಕುಳು ಜರುಗುವುದು. ಓದಿದವರಿಗೂ ಓದದವರಿಗೂ ನಾನು ಕಂಡ ವ್ಯತ್ಯಾಸ ಇಷ್ಟೇ.

ಜರುಗಿದ ಹೊಕ್ಕುಳನ್ನು ಕೂರಿಸಲು ನಾಗಮಂಗಲದ ಕಡೆಯಿಂದ ಒಬ್ಬಾತ ಬರುತ್ತಿದ್ದ. ಹರಳೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ಹೊಟ್ಟೆಯನ್ನು ಚಪಾತಿ ಹಿಟ್ಟು ನಾದುವ ಹಾಗೆ ನಾದುತ್ತಿದ್ದ. ವಿಷಯ ತಿಳಿದ ದಿನ ನಾನು ರಂಪ ಮಾಡಿ ಮಾವನವರನ್ನು ನಮ್ಮ ಆಸ್ಪತ್ರೆಗೆ ಕರೆಸಿ ಸ್ಕ್ಯಾನು ಮಾಡಿಸಿದೆ. ನನ್ನ ಅನುಮಾನವೇ ನಿಜವಾಯಿತು, ನಾಳ ಉಬ್ಬಿತ್ತು. ಬೆಂಗಳೂರಿಗೆ ಹೋಗಿ ಬೇಗ ಆಪರೇಷನ್ ಮಾಡಿಸಬೇಕು, ಅಲ್ಲಿಯವರೆಗೆ ಹೊಟ್ಟೆ ಯಾರೂ ಮುಟ್ಟಕೂಡದು ಎಂದು ಸ್ಕ್ಯಾನು ನೋಡಿದ ಡಾಕ್ಟರು ಹೇಳಿದರು. ಮಾವನವರು ಕಬ್ಬು ಕಡಿಸಿ ಹೋಗುತ್ತೇನೆ ಎಂದರು. ಅಪ್ಪನ ಎದುರು ಉಸಿರೆತ್ತದ ನನ್ನ ಗಂಡ ಅದಕ್ಕೂ ತಲೆಯಾಡಿಸಿದರು. ಇನ್ನು ಉಜ್ಜಿಸುವುದಿಲ್ಲ ಎಂದು ಮಾತು ತೆಗೆದುಕೊಂಡು ನಾನು ಸುಮ್ಮನಾದೆ.

ಕಬ್ಬು ಕಡಿಯುವ ಮುಂಚೆಯೇ ಒಂದು ಬೆಳಿಗ್ಗೆ ಬೆನ್ನು, ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದವರನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದರು. ಸ್ಕ್ಯಾನಿನ ರಿಪೋರ್ಟು ನನ್ನ ಗಂಡನ ಕೈಯಲ್ಲೇ ಇತ್ತು. ಡ್ಯೂಟಿ ಡಾಕ್ಟರ ಅದನ್ನು ಬಿಡಿಸಿಯೂ ನೋಡದೆ ಗ್ಯಾಸ್ಟ್ರಿಕ್ ಎಂದು ಒಂದು ಇಂಜೆಕ್ಷನ್ ಚುಚ್ಚಿ, ಕಾಯಿರಿ ಎಂದು ಟೀ ಕುಡಿಯಲು ಹೋದ. ನಾನು ಮೇಲಿನಿಂದ ಓಡಿ ಬರುವಷ್ಟರಲ್ಲಿ ಮಾವನವರು ಸ್ಟ್ರೆಚರಿನ ಮೇಲೇ ತಣ್ಣಗಾಗಿದ್ದರು.

ತಿಥಿ ಮುಗಿಸಿ ಕೆಲಸಕ್ಕೆ ಮರಳಿದರೆ ಮೇಜಿನ ಮೇಲೆ ಅವರದೇ ಫೈಲು. ಬಿಚ್ಚಿದೆ. ‘ಹೃದಯ ನಿಂತು ಸಾವು’. ಮೈಯೆಲ್ಲ ಉರಿದುಹೋಯಿತು. ಜೊತೆಯವಳು ತಾನು ನೋಡಿಕೊಳ್ಳುತ್ತೇನೆ ಎಂದಳು, ನಾನು ಕೊಡಲಿಲ್ಲ. ಆ ಡ್ಯೂಟಿ ಡಾಕ್ಟರನ ಬಳಿ ಹೋಗಿ, ಉಬ್ಬು ಒಡೆದಿತ್ತೋ ಇಲ್ಲವೋ ಬರೆಯಿರಿ ಎಂದೆ.

“ಏನಮ್ಮ, ನಂಬರ್ ಹಾಕಿದ್ರೆ ಎದ್ದು ಬರ್ತಾರಾ?” ಎಂದ.

ಇಲ್ಲ, ಆದರೆ ಬರೆಯದಿದ್ದರೆ ನೀವು ಟೀ ಕುಡಿದದ್ದೂ ಯಾರಿಗೂ ತಿಳಿಯುವುದಿಲ್ಲ ಎಂದೆ. ಅವನ ಮುಖ ಕಪ್ಪಿಟ್ಟಿತು. ಆಮೇಲೆ ಅವನು ಆ ಫೈಲನ್ನು ಹಾಗೇ ಕಳಿಸುವುದು, ನಾನು ಹಾಗೇ ಹಿಂದಿರುಗಿಸುವುದು. ತಿಂಗಳ ಕೊನೆಗೆ ಸಾವಿನ ಫೈಲು ಬಾಕಿ ಉಳಿದರೆ ಮೇಲಿನವರು ಡಾಕ್ಟರನ್ನೇ ಕರೆದು ಕೇಳುತ್ತಿದ್ದರು. ಆ ಹೆದರಿಕೆಗೆ ಕೊನೆಗೂ ‘ಒಡೆದಿತ್ತು’ ಎಂದು ಗೀಚಿ ಸಹಿ ಹಾಕಿ ಎಸೆದ. ನಾನು ನಂಬರು ಹಾಕಿದೆ. ಇಷ್ಟು ವರ್ಷದಲ್ಲಿ ಯಾವ ನಂಬರನ್ನೂ ಅಷ್ಟು ಒತ್ತಿ ಬರೆದಿರಲಿಲ್ಲ.

ಆ ಭಾನುವಾರ ರೈಲಿನಲ್ಲಿ ಊರಿಗೆ ಹೋದೆ. ಗೆದ್ದು ಬಂದಿದ್ದೆನಲ್ಲ, ಬಾಯಿ ಸುಮ್ಮನಿರಲಿಲ್ಲ. ಡಾಕ್ಟರನ ಮೂಗು ಹಿಡಿದು ಬಾಯಿ ಬಿಡಿಸಿದ್ದನ್ನು, ನಾಳ ಒಡೆದದ್ದನ್ನು ಅವನ ಕೈಯಲ್ಲೇ ಬರೆಸಿದ್ದನ್ನು ಹಜಾರದಲ್ಲಿ ಕೂತವರಿಗೆಲ್ಲ ಹೇಳಿದೆ. ಯಾರಿಗೂ ಅದರಲ್ಲಿ ಅಂಥ ಆಸಕ್ತಿ ಇರಲಿಲ್ಲ. ಒಬ್ಬೊಬ್ಬರೇ ಎದ್ದು ಕೊಟ್ಟಿಗೆ ಕಡೆ, ಗದ್ದೆ ಕಡೆ ಹೋದರು. ಅತ್ತೆಯೊಬ್ಬರೇ ಅವರೆಕಾಯಿ ಸುಲಿಯುತ್ತಾ ಉಳಿದರು.

“ಒಡೆಯೋದು ಅಂದ್ರೆ, ಒತ್ತಿದ್ರೆ ಒಡೀತದಾ ಕಣವ್ವ?” ಎಂದು ಕೇಳಿದರು.

ಯಾಕೆ ಎಂದೆ.

“ಆಸ್ಪತ್ರೆಗೆ ಕರ್ಕಂಡೋಗೋ ಮುಂಚಿನ ದಿನ ನೋವು ನೋವು ಅಂತ ಅಳ್ತಾ ಇದ್ರು. ನಿಂಗೆ ಏಳ್ಬ್ಯಾಡಿ ಅಂದ್ಬುಟ್ಟು ನಾನೇ ಆ ನಾಗಮಂಗಲದವನ್ನ ಕರುಸ್ದೆ. ಅವ್ನು ಉಜ್ತಿದ್ದ, ಇವ್ರು ಒದರಾಡ್ತಿದ್ರು. ಕಾಲು ನಾನೇ ಇಡ್ಕಂಡಿದ್ದೆ.”

ನನಗೆ ಸಿಟ್ಟು ಬರಬೇಕಿತ್ತು. ಈ ಮನೆಯ ದಡ್ಡತನದ ಬಗ್ಗೆ ನಾನು ವರ್ಷಗಟ್ಟಲೆ ಕೂಡಿಟ್ಟಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅತ್ತೆ ಕಾಳು ಬಿಡಿಸುವುದನ್ನು ನಿಲ್ಲಿಸಿ ಕಣ್ಣು ಕೀಳದೆ ನನ್ನನ್ನೇ ನೋಡುತ್ತಿದ್ದರು. ಒತ್ತಿದ್ದಕ್ಕೇ ಒಡೆಯಿತೋ, ಒತ್ತದಿದ್ದರೂ ಒಡೆಯುತ್ತಿತ್ತೋ, ಅದನ್ನು ಯಾವ ಡಾಕ್ಟರೂ ಹೇಳುವ ಹಾಗಿರಲಿಲ್ಲ. ನಾನಂತೂ ಊಹಿಸಕೂಡದವಳು.

“ಇಲ್ಲ ಅತ್ತೆ. ಅದು ತಂತಾನೇ ಒಡೀತದೆ. ಮುಟ್ಟಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.”

“ಪುಸ್ತಕದಲ್ಲಿ ಅಂಗೇ ಬರ್ದವ್ರಾ?”

ಆ ಪುಸ್ತಕದಲ್ಲಿ ಅಂಥದ್ದು ಒಂದಕ್ಷರವೂ ಇಲ್ಲ.

“ಅಂಗೇ ಬರ್ದವ್ರೆ ಅತ್ತೆ” ಎಂದೆ.