ಬೀಸಣಿಗೆಯ ರಟ್ಟು

ಜಾರ್ಜಿಯಾದ ವೇಕ್ರಾಸ್ ಊರಿನಲ್ಲಿ ಲವೀನಿಯಾ ಟಾಲಿವರಳನ್ನು ಅರಿಯದವರು ಕಡಿಮೆ. ಬೆಳಗಿನ ಜಾವ ಸ್ಕೂಲ್ ಬಸ್ ಓಡಿಸಿ, ಒಂಬತ್ತಕ್ಕೆಲ್ಲ ಮನೆಗೆ ಬಂದು, ಹಿತ್ತಲ ಜಗಲಿಯಲ್ಲಿ ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂರುವ ಹೆಂಗಸು. ಹಳೇ ರೇಡಿಯೋ, ಚರ್ಚಿನ ಮೈಕು, ಗಿಟಾರಿನ ಆಂಪ್ಲಿಫೈಯರು, ಏನು ಕೆಟ್ಟರೂ ಅವಳ ಜಗಲಿಗೇ ಬರಬೇಕು. ಟೀವಿ ರಿಪೇರಿ ಮಾಡುತ್ತಿದ್ದ ಅಪ್ಪನಿಂದ ಬಂದ ಕೈ ಅದು. "ಗಿರಾಕಿ ಎಲ್ಲಿ ಕೆಡುತ್ತೆ ಅಂತಾನೋ ಅಲ್ಲಿಗೇ ಹೋಗಿ ನೋಡು ಮಗಳೇ. ನಮ್ಮ ಮೇಜಿನ ಮೇಲೆ ಎಲ್ಲವೂ ಒಳ್ಳೇ ಮಕ್ಕಳ ಹಾಗೆ ಇರ್ತಾವೆ" ಎನ್ನುತ್ತಿದ್ದರು ಅಪ್ಪ. ಆ ಮಾತನ್ನು ಅವಳು ಮರೆತದ್ದು ಒಂದೇ ಸಲ.

ಅವಳ ಚರ್ಚಿನಲ್ಲಿ ಸ್ಟೀಲ್ ಗಿಟಾರ್ ಇಲ್ಲದೆ ಆರಾಧನೆಯಿಲ್ಲ. ನಲವತ್ತೊಂದು ವರ್ಷದಿಂದ ಆ ಕುರ್ಚಿ ಬ್ರದರ್ ಇಝೆಲ್ ಪಿಂಕ್ನಿಯವರದ್ದು. ಗಿಟಾರನ್ನು ಮಡಿಲ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿದರೆ ಅದು ಹೆಂಗಸಿನ ಗಂಟಲಿನಲ್ಲಿ ಅಳುತ್ತಿತ್ತು, ನಗುತ್ತಿತ್ತು. ಯಾರೇ ಎದ್ದು ನಿಂತು ತಮ್ಮ ಕಷ್ಟಸುಖದ ಸಾಕ್ಷಿ ಹೇಳಲಿ, ಮಾತು ಮುಗಿದ ಕೂಡಲೇ ಇಝೆಲ್ ಅದಕ್ಕೆ ತಂತಿಯಿಂದ ಉತ್ತರ ಕೊಡಬೇಕು. ಆ ಉತ್ತರಕ್ಕೆ ಗುಂಯ್‌ಗುಡುವ ಬಾಲ ಹಚ್ಚುತ್ತಿದ್ದದ್ದು ಅವರ ಹಳೆಯ ಆಂಪ್ಲಿಫೈಯರಿನ ತಳದಲ್ಲಿದ್ದ ತಗಡಿನ ಪೆಟ್ಟಿಗೆ. ಅದರೊಳಗೆ ಎರಡು ಉದ್ದನೆಯ ಸ್ಪ್ರಿಂಗು. ಸ್ವರ ಅವುಗಳೊಳಗೆ ಹಾದು ನಡುಗುತ್ತಾ ಹೊರಬಂದರೆ ಪುಟ್ಟ ಚರ್ಚೂ ಬೆಟ್ಟದ ಗವಿಯಾಗುತ್ತಿತ್ತು.

ಮೇ ತಿಂಗಳಲ್ಲಿ ಅದರ ಕಿರಿಕಿರಿ ಸದ್ದು ಸರಿಮಾಡಲು ಲವೀನಿಯಾ ಬಿಚ್ಚಿದಾಗ, ಪೆಟ್ಟಿಗೆಯ ಬಾಯಿಗೆ ಅಡಿಯಿಂದ ಕೊಟ್ಟಿದ್ದ ರಟ್ಟನ್ನು ಜಿರಳೆಗಳು ತಿಂದು ಮುಗಿಸಿದ್ದವು. ದಪ್ಪ ರಟ್ಟು ತರಲು ಪೇಟೆಗೆ ಯಾರು ಹೋಗುತ್ತಾರೆ? ಚರ್ಚಿನ ಬೆಂಚಿನ ಮೇಲೆ ಬೀಸಣಿಗೆ ಬಿದ್ದಿತ್ತು. ಶವಸಂಸ್ಕಾರದ ಅಂಗಡಿಯವರು ತಮ್ಮ ಹೆಸರು ಅಚ್ಚುಹಾಕಿಸಿ ಪುಕ್ಕಟೆ ಹಂಚುವ, ಕಡ್ಡಿ ಸಿಕ್ಕಿಸಿದ ರಟ್ಟಿನ ಬೀಸಣಿಗೆ. ಕಡ್ಡಿ ಕಿತ್ತು, ಅಳತೆಗೆ ಕತ್ತರಿಸಿ, ಒಳಗೆ ತೂರಿಸಿ ಸ್ಕ್ರೂ ಬಿಗಿದಳು.

ಮುಂದಿನ ಭಾನುವಾರದಿಂದಲೇ ಇಝೆಲ್‌ರ ದೂರು ಶುರು. "ಪಾಸ್ಟರ್ ಬಿಸಿ ಏರೋ ಹೊತ್ತಿಗೆ ಸರಿಯಾಗಿ ಇದರ ಉಸಿರು ಕಟ್ಟುತ್ತೆ ಸಿಸ್ಟರ್. ಬಾಯಿಗೆ ಬಟ್ಟೆ ತುರುಕಿದ ಹಾಗೆ." ಭಾನುವಾರ ಲವೀನಿಯಾ ಚರ್ಚಿನ ಹಿಂದಿನ ಅಡುಗೆಮನೆಯಲ್ಲಿ ಕೋಳಿ ಕರಿಯುತ್ತಿರುತ್ತಾಳೆ, ಅವಳ ಕಿವಿಗೆ ಇದು ಬೀಳದು. ಬುಧವಾರ ಖಾಲಿ ಚರ್ಚಿಗೆ ಹೋಗಿ ನೋಡಿದರೆ ಆಂಪ್ಲಿಫೈಯರು ಬೆಳ್ಳಿಯ ಗಂಟೆ! ವಾಲ್ವು ಬದಲಿಸಿದಳು, ವೈರಿನ ತುದಿ ಉಜ್ಜಿದಳು, ಬೆಸುಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮೂರು ಬುಧವಾರ ಹೀಗೇ ಆಯಿತು. ನಾಲ್ಕನೇ ಭಾನುವಾರ, ಊಟದ ಸಾಲಿನಲ್ಲಿ ಇಝೆಲ್ ಮತ್ತೆ ಅದೇ ರಾಗ ತೆಗೆದಾಗ, ಕೈಯಲ್ಲಿ ಸೌಟು ಹಿಡಿದು ನಿಂತಿದ್ದ ಅವಳ ತಾಳ್ಮೆ ತಪ್ಪಿತು.

"ಬ್ರದರ್ ಇಝೆಲ್, ಇನ್ನು ಬಿಚ್ಚಿ ನೋಡೋದಕ್ಕೆ ನಿಮ್ಮ ಕಿವಿ ಮಾತ್ರ ಬಾಕಿ. ತರ್ಲಾ ಸ್ಕ್ರೂಡ್ರೈವರು?"

ಸಾಲೆಲ್ಲ ಘೊಳ್ಳೆಂದಿತು. ಇಝೆಲ್ ಕೂಡ ನಕ್ಕರು. ತಟ್ಟೆ ಹಿಡಿದು ಮೂಲೆಗೆ ಹೋಗಿ ಕೂತರು. ಅದರ ಮುಂದಿನ ಭಾನುವಾರ ಕುರ್ಚಿ ಖಾಲಿ.

ಜುಲೈಯಲ್ಲಿ, ಮುಂದಿನ ಬೆಂಚಿನ ಬಿಳಿ ಉಡುಪಿನ ಹಿರಿಯಾಕೆ ಮದರ್ ಆಟಿ ತೀರಿಕೊಂಡರು. "ನನ್ನ ಕಳಿಸಿಕೊಡೋವಾಗ ಇಝೆಲ್ ನುಡಿಸ್ಬೇಕು" ಎಂದು ಹತ್ತು ವರ್ಷದಿಂದ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದ ಜೀವ. ಆಕೆಯ ಅಂತಿಮ ಪ್ರಾರ್ಥನೆಯ ದಿನ ಇಝೆಲ್ ಕೊನೆಯ ಸಾಲಿನಲ್ಲಿ, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ವಯಸ್ಸಾಯಿತು ಪಾಪ, ಎಂದುಕೊಂಡಳು ಲವೀನಿಯಾ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಗ್ಗೆ ಇಝೆಲ್‌ರ ಹೆಂಡತಿ ವರ್ಡೆಲ್ ಆಂಪ್ಲಿಫೈಯರನ್ನು ಕಾರಿನಲ್ಲಿ ಹಾಕಿಕೊಂಡು ಬಂದಳು.

"ಯಾರಿಗಾದ್ರೂ ಮಾರಿಬಿಡಮ್ಮ. ಇದನ್ನ ಕಂಡ್ರೆ ಅವರು ಊಟ ಬಿಟ್ಟು ಏಳ್ತಾರೆ."

ಜಗಲಿಯಲ್ಲಿ ಜಾಗವಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿಟ್ಟು, ಮಾರುವ ಮುಂಚೆ ಒಮ್ಮೆ ನೋಡೋಣವೆಂದು ಹಚ್ಚಿದಳು. ಮೊಣಕೈಯಿಂದ ಗುದ್ದಿದಳು. ಒಳಗಿನ ಸ್ಪ್ರಿಂಗು ಕುಲುಕಿ ಗುಡುಗಿನಂಥ ಸದ್ದು ಹೊರಟಿತು. ಎಷ್ಟು ಗಟ್ಟಿಮುಟ್ಟು! ಅದನ್ನು ಆರಿಸದೆ ಹಾಗೇ ಬಿಟ್ಟು, ದೊಡ್ಡ ಹಂಡೆಯಲ್ಲಿ ಹಸಿ ಕಡಲೆಕಾಯಿ ಬೇಯಲಿಟ್ಟಳು. ಹೊಸ ಬೆಳೆ, ಉಪ್ಪುನೀರಿನಲ್ಲಿ ನಾಲ್ಕು ತಾಸು ಕುದಿಯಬೇಕು. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಗಾಜಿನ ಮೇಲೆ ನೀರಿಳಿಯುತ್ತಿತ್ತು, ಕ್ಯಾಲೆಂಡರಿನ ಹಾಳೆ ಮುದುರಿಕೊಂಡಿತ್ತು. ಹಂಡೆ ಇಳಿಸಿ ತಿರುಗುವಾಗ ಸೊಂಟ ಆಂಪ್ಲಿಫೈಯರಿಗೆ ಬಡಿಯಿತು.

ಗುಡುಗಲಿಲ್ಲ. ತಟ್ ಎಂದಿತು, ಅಷ್ಟೇ.

ಇನ್ನೊಮ್ಮೆ ಗುದ್ದಿದಳು. ತಟ್. ಚರ್ಚಿನ ಕಿಟಕಿಯ ಏಸಿ ಸತ್ತು ಎರಡು ಬೇಸಿಗೆಯಾಗಿತ್ತು. ಭಾನುವಾರ ಅರವತ್ತು ಜನ ಹಾಡಿ, ಕುಣಿದು, ಬೆವರುವ ಆ ಹಜಾರವೂ ಹೀಗೆಯೇ ಇರುತ್ತದಲ್ಲ! ಸ್ಕ್ರೂ ಬಿಚ್ಚಿದಳು. ಬೀಸಣಿಗೆಯ ತೆಳು ರಟ್ಟು ಆವಿ ಕುಡಿದು ಹಪ್ಪಳದಂತೆ ಉಬ್ಬಿ, ಎರಡೂ ಸ್ಪ್ರಿಂಗಿಗೆ ಹೊಟ್ಟೆ ಒತ್ತಿಕೊಂಡು ನಿಂತಿತ್ತು. ಅಂಚಿನಲ್ಲಿ ಅವಳದೇ ಪೆನ್ಸಿಲ್ ಗೆರೆ. ಬುಧವಾರದ ಒಣ ಚರ್ಚಿನಲ್ಲಿ ಅದು ಮತ್ತೆ ಚಪ್ಪಟೆಯಾಗಿ ಸಾಧುವಾಗಿ ಮಲಗಿರುತ್ತಿತ್ತು.

ಅವಳು ನೆಲದ ಮೇಲೆಯೇ ಕೂತುಬಿಟ್ಟಳು. ದಪ್ಪ ರಟ್ಟು ಹಾಕಿ, 'ವೈರು ಸಡಿಲವಾಗಿತ್ತು' ಎಂದರೆ ಯಾರಿಗೆ ತಿಳಿಯುತ್ತದೆ? ಆ ಯೋಚನೆ ಬಂತು. ಬಂದದ್ದಕ್ಕೇ ಮುಖ ಬಿಸಿಯಾಯಿತು. ರಟ್ಟನ್ನು ಕೈಯಲ್ಲಿ ಹಿಡಿದೇ ಕಾರು ಹತ್ತಿದಳು.

ಇಝೆಲ್ ಮನೆಯ ಮುಂದೆ ಮೀನು ಹೆರೆಯುತ್ತಿದ್ದರು. ಅವಳು ಎಲ್ಲ ಹೇಳಿ ಮುಗಿಸುವವರೆಗೂ ಚಾಕು ನಿಲ್ಲಲಿಲ್ಲ. ಆಮೇಲೆ ರಟ್ಟನ್ನು ತೆಗೆದುಕೊಂಡು ತಿರುಗಿಸಿ ನೋಡಿದರು.

"ಹದಿಮೂರು ಭಾನುವಾರ" ಎಂದರು. "ಸವಾನಾದಲ್ಲಿ ಡಾಕ್ಟರಿಗೆ ತೋರಿಸಿದ್ದೆ, ಗೊತ್ತಾ? ಕಿವಿ ಚೆನ್ನಾಗಿದೆ ಅಂದ. ನಾನು ನಂಬಲಿಲ್ಲ. ಮಷೀನಿನ ವಿಷಯದಲ್ಲಿ ಟಾಲಿವರ್ ಮಗಳು ತಪ್ಪೋಳಲ್ಲ ಅಂದೆ."

"ಬೈರಿ ಬ್ರದರ್. ಆ ರಟ್ಟಿನಲ್ಲೇ ನಾಲ್ಕು ಬಿಡಿ."

"ಇಲ್ಲಿ ಬೈದು ಏನ್ ಮಾಡ್ಲಿ? ನಕ್ಕವರು ಅರವತ್ತು ಜನ. ಇಲ್ಲಿ ಕೇಳಿಸ್ಕೊಂಡಿದ್ದು ನಾನು ಮತ್ತೆ ಈ ಮೀನು." ರಟ್ಟನ್ನು ಹಿಂದಕ್ಕೆ ಕೊಟ್ಟು ಮತ್ತೆ ಹೆರೆಯತೊಡಗಿದರು.

ಭಾನುವಾರ ಆಂಪ್ಲಿಫೈಯರನ್ನು, ಗಟ್ಟಿ ರಟ್ಟು ಹಾಕಿ, ಅದರ ಜಾಗದಲ್ಲಿಟ್ಟಳು. ಇಝೆಲ್ ಬಂದರು, ಗಿಟಾರಿನ ಪೆಟ್ಟಿಗೆಯೂ ಬಂತು. ಆದರೆ ಮನುಷ್ಯ, ಪೆಟ್ಟಿಗೆ ಎರಡೂ ಕೊನೆಯ ಸಾಲಿನಲ್ಲೇ. ಸಾಕ್ಷಿಯ ಹೊತ್ತಿನಲ್ಲಿ ಲವೀನಿಯಾ ಎದ್ದಳು.

"ಕೆಟ್ಟಿದ್ದು ಬ್ರದರ್ ಇಝೆಲ್ ಕಿವಿಯಲ್ಲ, ಕೈಯಲ್ಲ. ನನ್ನ ಕೆಲಸ. ಸೋಮಾರಿತನಕ್ಕೆ ಇದನ್ನ ಹಾಕಿದೆ" ಎಂದು ರಟ್ಟನ್ನು ಎತ್ತಿ ಹಿಡಿದಳು. "ಅವರು ನಿಜ ಹೇಳ್ತಿದ್ರು. ನಾನು ನಿಮ್ಮನ್ನೆಲ್ಲ ನಗಿಸಿ ಅವರ ಬಾಯಿ ಮುಚ್ಚಿಸಿದೆ."

ಬೀಸಣಿಗೆಗಳು ನಿಂತವು. ಉತ್ತರವಿಲ್ಲದ ಸಾಕ್ಷಿ ಹಜಾರದ ನಡುವೆ ಹಾಗೇ ನಿಂತಿತ್ತು. ಆಮೇಲೆ ಹಿಂದಿನಿಂದ ಪೆಟ್ಟಿಗೆಯ ಕೊಂಡಿ ತೆರೆದ ಸದ್ದು. ಇಝೆಲ್ ನಿಧಾನವಾಗಿ ನಡೆದು ಬಂದು ಕುರ್ಚಿಯಲ್ಲಿ ಕೂತರು. ಗಿಟಾರಿನ ವೈರು ಸಿಕ್ಕಿಸುವ ಮುಂಚೆ ಆಂಪ್ಲಿಫೈಯರು ಹಚ್ಚಿ ಅದರ ನೆತ್ತಿಗೆ ಗುದ್ದಿದರು. ಚರ್ಚಿಡೀ ಗುಡುಗಿತು.

"ಕಿವಿ ಕೇಳಿಸ್ತಿದೆ" ಎಂದರು ಮೈಕಿನಲ್ಲಿ.

ಜನ ನಕ್ಕರು. ಈ ಸಲದ ನಗು ತನ್ನ ಮೇಲೆ ಬಿದ್ದದ್ದು ಲವೀನಿಯಾಗೆ ಸಮಾಧಾನವೇ ಆಯಿತು, ಇಝೆಲ್ ಮೊದಲ ಸ್ವರ ಎಳೆಯುವವರೆಗೆ. ಅವರು ಅವಳ ಕಡೆ ನೋಡುತ್ತಿರಲಿಲ್ಲ. ಮುಂದಿನ ಬೆಂಚಿನಲ್ಲಿ ಮದರ್ ಆಟಿ ಕೂರುತ್ತಿದ್ದ ಜಾಗವನ್ನು ನೋಡುತ್ತಾ, ಆಕೆಯನ್ನು ಕಳಿಸಿಕೊಡಬೇಕಾಗಿದ್ದ ಹಾಡನ್ನು ನುಡಿಸುತ್ತಿದ್ದರು. ಸ್ವರದ ಬಾಲ ಎಲ್ಲೂ ತುಂಡಾಗದೆ ಗೋಡೆಯಿಂದ ಗೋಡೆಗೆ ಹಾಯುತ್ತಿತ್ತು. ಲವೀನಿಯಾ ರಟ್ಟನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಅಡುಗೆಮನೆಯಿಂದ ಕೋಳಿ ಸೀದ ವಾಸನೆ ಬಂದರೂ ಏಳಲಿಲ್ಲ.